ಮದ್ದೂರಿನ ಬಿದಿರಿನ ಅಟ್ಟಣೆ

ನನ್ನ ಮೊಮ್ಮಗಳು ರಂಜಿತ ಜಿಲ್ಲೆಯ ಕಾಲ್ಚೆಂಡಿನ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಇವತ್ತು ಬೆಳಿಗ್ಗೆ ಮಂಡ್ಯದಿಂದ ಫೋನು ಬಂತು. ಸೊಸೆ ಅದನ್ನು ನನ್ನ ಕಿವಿಗೆ ಹಿಡಿದಳು. ಆ ಕಡೆಯಿಂದ ಹುಡುಗಿ, "ಅಜ್ಜಿ, ನನ್ನ ತಗೊಂಡ್ರು ಕಣಜ್ಜಿ" ಅಂದಳು. ಆಮೇಲೆ ಇಬ್ಬರೂ ಅತ್ತೆವು ಅಂತ ಕಾಣುತ್ತದೆ. ಆಮೇಲೆ ನನಗೆ ಮನೆಯೊಳಗೆ ಇರಲಿಕ್ಕೇ ಆಗಲಿಲ್ಲ. ದುದ್ದದ ನಮ್ಮ ಬೀದಿಯಲ್ಲಿ ಡೈರಿಗೆ ಹಾಲು ಹಾಕಲು ಹೊರಟವರನ್ನೆಲ್ಲ ನಿಲ್ಲಿಸಿ ಹೇಳಿದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುವಾಗ ಅದಕ್ಕೂ ಹೇಳಿದೆ. ಸಂಜೆ ಬಸ್ಸಿಗೆ ಹುಡುಗಿ ಬರುತ್ತಾಳೆ, ಪಾಯಸಕ್ಕೆ ಅಕ್ಕಿ ಕೇರಿಡೋಣ ಅಂತ ಗೂಟದಲ್ಲಿದ್ದ ಮೊರ ತೆಗೆದುಕೊಂಡೆ. ಹೋದ ವರ್ಷ ಸಂತೆಯಲ್ಲಿ ಕೊಂಡ ಮೊರ. ಗೋಡೆಗೆ ಒಂದು ಸಲ ತಟ್ಟಿದೆನೋ ಇಲ್ಲವೋ, ಅದರ ಅಂಚಿನಿಂದ ಹಳದಿ ಪುಡಿ ಸುರಿಯಿತು, ಜರಡಿ ಹಿಡಿದ ಕಡಲೆಹಿಟ್ಟಿನಷ್ಟು ನುಣ್ಣಗೆ. ಒಣಹುಲ್ಲಿನದ್ದೂ ಅಲ್ಲದ, ಹಳೆ ಬೆಲ್ಲದ್ದೂ ಅಲ್ಲದ, ಎರಡೂ ಸೇರಿ ಸ್ವಲ್ಪ ಹುಳಿತಂಥ ವಾಸನೆ ಮೂಗಿಗೆ ಹೊಡೆಯಿತು. ಬಿದಿರಿಗೆ ಕುಟ್ಟೆ ಹುಳು ಬಿದ್ದಾಗ ಬರುವ ವಾಸನೆ ಅದು. ನಾನು ಮೊರವನ್ನು ಅಲ್ಲೇ ಬಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟೆ. ಸೊಸೆ, "ಯಾಕತ್ತೆ, ತಲೆ ಸುತ್ತು ಬಂತಾ?" ಅಂತ ನೀರು ತಂದಳು. ನೀರು ಕುಡಿದೆ. ಅರವತ್ತು ವರ್ಷದ ಹಿಂದಿನ ಸಾವನ್ನು ಇಂಥ ಬೆಳಿಗ್ಗೆ ಯಾರ ಮುಂದೆ ಇಡುವುದು.

ನನ್ನ ತವರು ಮದ್ದೂರು. ಊರ ಅಂಚಿನಲ್ಲಿ, ಶಿಂಷಾ ಹೊಳೆಗೆ ಇಳಿಯುವ ದಾರಿಯಲ್ಲಿ ನಮ್ಮ ತೊಟ್ಟಿಮನೆ ಇತ್ತು. ಈಗ ಅದು ಇಲ್ಲ. ಅದರ ಪಡಸಾಲೆಗೆ ಒಂದು ದೊಡ್ಡ ಕಿಟಕಿ, ಆ ಕಿಟಕಿಯ ಎದುರಿಗೆ ಬಯಲು, ಆ ಬಯಲಿನಲ್ಲೇ ಊರಿನ ಹುಡುಗರು ಕಾಲ್ಚೆಂಡು ಆಡುತ್ತಿದ್ದದ್ದು. ಸಾಯಂಕಾಲವಾಯಿತೆಂದರೆ ಮನೆಯೊಳಗೆಲ್ಲ ಚೆಂಡಿನ ಸದ್ದು ತುಂಬಿಕೊಳ್ಳುತ್ತಿತ್ತು. ಒಣನೆಲಕ್ಕೆ ಬಿದ್ದರೆ ಒಂದು ಥರ, ಹಸಿನೆಲಕ್ಕೆ ಬಿದ್ದರೆ ಇನ್ನೊಂದು ಥರ. ನಮ್ಮ ಅವ್ವ ಒಲೆ ಮುಂದೆ ಮುದ್ದೆ ತೊಳಸುತ್ತಾ ಆ ಸದ್ದಿನಲ್ಲೇ, ಇವತ್ತು ಹುಡುಗರು ಕಡಿಮೆ ಬಂದಿದ್ದಾರೆ, ಇವತ್ತು ಜಾಸ್ತಿ ಬಂದಿದ್ದಾರೆ ಅಂತ ಹೇಳುತ್ತಿದ್ದಳು. ಚೆಂಡು ನಮ್ಮ ಮನೆಯಲ್ಲೇ ಇರುತ್ತಿತ್ತು. ಚರ್ಮದ ಚೆಂಡು, ಬಾಯಿಗೆ ದಾರ ಹೆಣೆದು ಕಟ್ಟುತ್ತಿದ್ದದ್ದು. ನನ್ನ ಚಿಕ್ಕಪ್ಪ ಬೋರೇಗೌಡ ಅದಕ್ಕೆ ಹರಳೆಣ್ಣೆ ಉಜ್ಜಿ ಭತ್ತ ತುಂಬಿಡುವ ಪಣತದ ಮೇಲೆ ಇಡುತ್ತಿದ್ದ. ಹಾಗಾಗಿ ನಮ್ಮ ಮನೆಯ ಭತ್ತಕ್ಕೂ ಒಂದಿಷ್ಟು ಚರ್ಮದ ವಾಸನೆ ಇತ್ತು ಅಂತ ನೆಂಟರು ಆಡಿಕೊಳ್ಳುತ್ತಿದ್ದರು. ಚಿಕ್ಕಪ್ಪನಿಗೆ ಆಗ ಮದುವೆಯಾಗಿರಲಿಲ್ಲ. ಬರಿಗಾಲಲ್ಲಿ ಆಡುತ್ತಿದ್ದ. ಅವನು ಓಡುವಾಗ ಜನ ಉಸಿರು ಹಿಡಿದು ನೋಡುತ್ತಿದ್ದರು.

ಆದರೆ ಆಟದ ಹುಚ್ಚು ನಿಜವಾಗಿ ಇದ್ದದ್ದು ನಮ್ಮ ತಾತನಿಗೆ. ಮರೀಗೌಡ ಅಂತ ಹೆಸರು. ಗದ್ದೆ ಕೆಲಸದಲ್ಲಿ, ಮಾತಿನಲ್ಲಿ, ಬಹಳ ಗಟ್ಟಿ ಮನುಷ್ಯ. ನಗುವುದು ಕಡಿಮೆ. ಒಂದು ದಿನವೂ ಚೆಂಡಿಗೆ ಕಾಲು ಸೋಕಿಸಿದವನಲ್ಲ. ಮಗ ಆಡಲಿಕ್ಕೆ ಶುರುಮಾಡಿದ ಮೇಲೆ ಹೋಗಿ ನೋಡಿದ, ಹೋಗಿ ನೋಡಿದವನು ಅಲ್ಲಿಯೇ ಸಿಕ್ಕಿಹಾಕಿಕೊಂಡ. ಮಳವಳ್ಳಿಗೋ ಮಂಡ್ಯಕ್ಕೋ ಪಂದ್ಯಕ್ಕೆ ಹೋಗುವುದಿದ್ದರೆ ಗಾಡಿ ನಮ್ಮದು, ಎತ್ತು ನಮ್ಮದು, ಹೊಡೆಯುವವನು ತಾತ. ನಮ್ಮ ಹುಡುಗರು ಗೆಲ್ಲುತ್ತಿದ್ದದ್ದಕ್ಕಿಂತ ಸೋಲುತ್ತಿದ್ದದ್ದೇ ಹೆಚ್ಚು. ಮೈಸೂರು, ಬೆಂಗಳೂರಿನ ದೊಡ್ಡ ತಂಡಗಳ ಲೆಕ್ಕಕ್ಕೆ ನಾವು ಇರಲೇ ಇಲ್ಲ. ಸೋತು ಬಂದ ರಾತ್ರಿ ತಾತ ಉಣ್ಣುತ್ತಿರಲಿಲ್ಲ. ಅಜ್ಜಿ, "ಗದ್ದೆ ಒಣಗಿದಾಗ್ಲೂ ಉಂಡಿದ್ದೆಯಲ್ಲ, ಇವ್ರ ಚೆಂಡು ಒಳಕ್ಕೆ ಓಗ್ನಿಲ್ಲ ಅಂತ ಯಾಕೆ ಉಪಾಸ ಬೀಳ್ತೀಯೆ?" ಅನ್ನುತ್ತಿದ್ದಳು. ಅವನು ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ಆಟ ನೋಡುವ ಜನಕ್ಕೆ ಬಯಲಿನ ಒಂದು ಕಡೆ ಮಣ್ಣಿನ ಏರಿ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಮಳೆಗಾಲ ಬಂದರೆ ಅದೂ ಕೊಚ್ಚೆ. ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು, ಸೀಮೆಎಣ್ಣೆಗೂ ಅಕ್ಕಿಗೂ ಜನ ಸಾಲು ನಿಲ್ಲುತ್ತಿದ್ದ ಕಾಲ. ಆದರೂ ಪಂದ್ಯವೆಂದರೆ ಸುತ್ತಲ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಹಾಗಿರುವಾಗ ಪಂದ್ಯಾವಳಿ ನಡೆಸುವ ಮಂಡ್ಯದ ಹಿರಿಯರು ಬಂದು ನೋಡಿ, ಕೂರಲು ಸರಿಯಾದ ಜಾಗ ಮಾಡದಿದ್ದರೆ ಇನ್ನು ಮದ್ದೂರಿನಲ್ಲಿ ಪಂದ್ಯವೇ ಇಲ್ಲ, ಎಲ್ಲಾ ಮಂಡ್ಯದಲ್ಲೇ ಅಂತ ಹೇಳಿಹೋದರು. ಆ ಮಾತು ಊರಿಗೆ ಚುಚ್ಚಿತು. ಅಂದಿನಿಂದ ದಿನಾ ಸಂಜೆ ನಮ್ಮ ಜಗಲಿಯ ಮೇಲೆ ಸಭೆ. ಅದಕ್ಕೆಲ್ಲ ಮುಂದಾಳು ಹೋಟೆಲಿನ ಸುಬ್ಬಣ್ಣ. ಇಡ್ಲಿ ಹೋಟೆಲು ಇಟ್ಟಿದ್ದ, ಪಂದ್ಯದ ದಿನ ಹೋಟೆಲಿಗೆ ಬೀಗ ಹಾಕಿ ಕೂಗಲಿಕ್ಕೆ ಬರುತ್ತಿದ್ದ. ಇದ್ದಿಲಿನಲ್ಲಿ ಜಗಲಿಯ ಕಲ್ಲಿನ ಮೇಲೆ ಗೆರೆ ಎಳೆದು, ಬಿದಿರಿನ ಅಟ್ಟಣೆ ಹೀಗಿರಬೇಕು, ಹಾಗಿರಬೇಕು ಅಂತ ತೋರಿಸುತ್ತಿದ್ದ. ಹೊಲ ಕಾಯಲು ಕಟ್ಟುವ ಅಟ್ಟಣೆ ಎಲ್ಲರಿಗೂ ಗೊತ್ತು. ಅದನ್ನೇ ಉದ್ದಕ್ಕೆ, ಸಾಲು ಸಾಲಾಗಿ, ಮೆಟ್ಟಿಲಿನ ಹಾಗೆ ಕಟ್ಟುವುದು ಅವನ ಆಲೋಚನೆ.

"ಮಳವಳ್ಳಿಯೋರು ನೋಡಿ ಒಟ್ಟೆ ಉರ್ಕೋಬೇಕು, ಅಂಗಿರ್ಬೇಕು" ಅಂದ ಸುಬ್ಬಣ್ಣ. "ಏಳು ಸಾಲು. ಮ್ಯಾಲೆ ಕಬ್ಬಿನ ಸೋಗೆ ಚಪ್ಪರ."

"ಅಷ್ಟೆತ್ರ ಅತ್ತಿ ಕೂತ್ರೆ ನಿನ್ನ ಇಳ್ಸೋರ್ಯಾರಣ್ಣ? ಇಡ್ಲಿ ಪಾತ್ರೇನೂ ಅಲ್ಲಿಗೇ ಓತ್ಕೊಂಡೋಗು" ಅಂದ ಚಿಕ್ಕಪ್ಪ. ಜಗಲಿಯೆಲ್ಲ ನಕ್ಕಿತು. ತಾತ ಮಾತ್ರ ಗೆರೆಗಳನ್ನೇ ನೋಡುತ್ತಿದ್ದ. ಅಟ್ಟಣೆ ಕಟ್ಟುವುದರಲ್ಲಿ ಅವನ ಕೈಯನ್ನು ಸುತ್ತಲ ಊರಿನವರೂ ಕರೆಯುತ್ತಿದ್ದರು. ಕೊನೆಗೆ ಅವನು, "ಏಳು ಬ್ಯಾಡ, ಐದು ಸಾಕು. ಕಟ್ಕೊಡ್ತೀನಿ" ಅಂದ. ಅವನ ಮುಖದಲ್ಲಿ ಅವತ್ತು ಕಂಡ ಬೆಳಕನ್ನು ನಾನು ಆಮೇಲೆ ಯಾರ ಮುಖದಲ್ಲೂ ಕಂಡಿಲ್ಲ.

ಬಿದಿರು ಹಲಗೂರಿನ ಆಚೆಯ ಕಾಡಿನಿಂದ ಬರಬೇಕಿತ್ತು. ಅಲ್ಲೇ ಮಾತು ನಿಂತಿತು. ನಮ್ಮ ಕಡೆ ಬಿದಿರನ್ನು ಯಾವಾಗ ಬೇಕಾದರೆ ಆವಾಗ ಕಡಿಯುವುದಿಲ್ಲ. ಹುಣ್ಣಿಮೆ ಕಳೆದು ಚಂದ್ರ ಕರಗುತ್ತಾ ಬರಬೇಕು, ಅಮಾವಾಸ್ಯೆ ಹತ್ತಿರವಾಗಬೇಕು. ಆಗ ಕಡಿದು ಕೆರೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟರೆ ಆ ಗಳ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಅವತ್ತು ಆಕಾಶದಲ್ಲಿ ಬಿದಿಗೆಯ ಚಂದ್ರ ಕಂಡು ಐದಾರು ದಿನವಾಗಿತ್ತು.

"ಈಗ ಆಗಕಿಲ್ಲ ಕಣ್ರಪ್ಪ" ಅಂದ ತಾತ. "ಚಂದ್ರ ಏರ್ತಾ ಅವ್ನೆ. ಬಿದಿರಲ್ಲಿ ಸೀ ರಸ ತುಂಬ್ಕೊತದೆ. ಈಗ ಕಡಿದ್ರೆ ಕುಟ್ಟೆ ಬೀಳ್ತದೆ."

"ಗೌಡ್ರೆ, ಅಮಾಸೆ ಕಾದು, ಕೆರೇಲಿ ನೆನೆ ಆಕಿ, ಆಮ್ಯಾಕೆ ಕಟ್ಟೋ ಒತ್ಗೆ ಮಂಡ್ಯದೋರು ಬಂದು ನೋಡ್ಕೊಂಡು ಓಗಿರ್ತಾರೆ. ಆಮೇಲೆ ಆ ಬಿದಿರ್ನಲ್ಲಿ ಎಲ್ರೂ ಕುಕ್ಕೆ ಎಣ್ಕೊಂಡು ಕೂರವ" ಅಂದ ಸುಬ್ಬಣ್ಣ.

ಆಗ ಚಿಕ್ಕಪ್ಪ ಒಂದು ಮಾತು ಹೇಳಿದ. "ಅಪ್ಪಯ್ಯ, ಒತ್ತಾರೆ ಕಡಿಯವ. ಏರೋ ಚಂದ್ರ ಒತ್ತಾರೆ ಎಲ್ಲವ್ನೆ? ಅವ್ನು ಉಟ್ಟೋದೇ ಮದ್ಯಾನ. ಅವ್ನಿಲ್ಲದ ಒತ್ನಲ್ಲಿ ಕಡಿದ್ರೆ ರಸ ಎಂಗೆ ಏರ್ತದೆ?"

ತಾತ ಬಹಳ ಹೊತ್ತು ಎಲೆಅಡಿಕೆ ಜಗಿದ. ಆ ಮಾತು ತಪ್ಪು ಅಂತ ಅವನಿಗೆ ತಿಳಿಯದೆ ಇರಲಿಲ್ಲ. ಪಕ್ಷ ಅಂದರೆ ಪಕ್ಷ, ಅದರಲ್ಲಿ ಬೆಳಿಗ್ಗೆ ಸಂಜೆ ಇಲ್ಲ. ಆದರೆ ಪಂದ್ಯ ಊರು ಬಿಟ್ಟು ಹೋಗುತ್ತದೆಂಬ ಸಂಕಟದಲ್ಲಿ ಅವನಿಗೆ ಆ ಮಾತು ನಿಜವಾಗಬೇಕಿತ್ತು. "ಅದೂ ಒಂದು ಮಾತೇ ಕಣ್ಲಾ ಬೋರ" ಅಂದ. ಜಗಲಿಯಿಂದ ಎಲ್ಲರೂ ಒಟ್ಟಿಗೆ ಎದ್ದರು. ನಾಲ್ಕೈದು ಗಾಡಿ ಹಲಗೂರಿನ ಕಡೆ ಹೊರಟವು. ಬೆಳಿಗ್ಗೆ ಮಾತ್ರ ಕಡಿದರು, ಮಧ್ಯಾಹ್ನ ಚಂದ್ರ ಹುಟ್ಟುವ ಹೊತ್ತಿಗೆ ಮಚ್ಚು ಕೆಳಗಿಡುತ್ತಿದ್ದರು. ಅಷ್ಟು ನಿಷ್ಠೆಯಿಂದ ಆ ತಪ್ಪನ್ನು ಮಾಡಿದರು.

ಅಟ್ಟಣೆ ಎದ್ದಿತು. ಹಸಿರು ಹೋಗದ ಗಳಗಳು, ಕತ್ತಾಳೆ ನಾರಿನ ಹಗ್ಗದ ಕಟ್ಟು, ಮೇಲೆ ಕಬ್ಬಿನ ಸೋಗೆ. ಬಿಸಿಲಿಗೆ ಹಸಿಬಿದಿರಿನ ಸಿಹಿ ವಾಸನೆ ನಮ್ಮ ಪಡಸಾಲೆಗೂ ಬರುತ್ತಿತ್ತು. ಮಂಡ್ಯದ ಹಿರಿಯರು ಬಂದರು, ಹತ್ತಿ ಕೂತರು, ತಲೆದೂಗಿದರು. ಆ ವರ್ಷದ ಪಂದ್ಯಗಳೆಲ್ಲ ಮದ್ದೂರಿಗೇ ಬಂದವು. ಗಂಡಸರು ಮೇಲೆ ಕೂತು ಕೂಗುತ್ತಿದ್ದರೆ, ನಾವು ಹೆಣ್ಣುಮಕ್ಕಳು ಅಟ್ಟಣೆಯ ಕೆಳಗಿನ ನೆರಳಿನಲ್ಲಿ ಕೂತು, ಇಳಿಬಿಟ್ಟ ಕಾಲುಗಳ ಸಂದಿಯಿಂದ ಆಟ ನೋಡುತ್ತಿದ್ದೆವು. ತಾತನ ಕಾಲು ನನಗೆ ಸಾವಿರ ಕಾಲುಗಳ ನಡುವೆ ಗುರುತು ಸಿಗುತ್ತಿತ್ತು. ಚಿಕ್ಕಪ್ಪನಿಗೆ ಚೆಂಡು ಸಿಕ್ಕಿದಾಗ ಆ ಕಾಲಿನ ಬೆರಳುಗಳು ಮುದುಡಿಕೊಳ್ಳುತ್ತಿದ್ದವು. ನನ್ನ ಬಾಳಿನಲ್ಲಿ ಅದಕ್ಕಿಂತ ಒಳ್ಳೆಯ ಬೇಸಿಗೆ ಇನ್ನೊಂದಿಲ್ಲ.

ಮಾರನೆಯ ವರ್ಷ ಮಳೆಗಾಲ ಕಳೆದ ಮೇಲೆ, ಒಂದು ಸಂಜೆ ಅಟ್ಟಣೆಯ ಕೆಳಗೆ ಅಚ್ಚೆಕಲ್ಲು ಆಡುತ್ತಿದ್ದೆವು. ನನ್ನ ತಲೆ ಮೇಲೆ, ಲಂಗದ ಮೇಲೆ ಹಳದಿ ಪುಡಿ ಉದುರಿತ್ತು. ಕಿವಿಗೊಟ್ಟರೆ ಗಳದೊಳಗೆ ಕರಕರ ಅಂತ ಸಣ್ಣ ಸದ್ದು, ಯಾರೋ ಹಸಿದವರು ಹುರಿಗಡಲೆ ಅಗಿದ ಹಾಗೆ. ಮನೆಗೆ ಹೋದಾಗ ತಾತ ಎತ್ತಿಗೆ ಮೇವು ಹಾಕುತ್ತಿದ್ದ. ನನ್ನ ಕೂದಲು ನೋಡಿದವನೇ ಹತ್ತಿರ ಕರೆದು, ಪುಡಿಯನ್ನು ಬೆರಳಲ್ಲಿ ತೆಗೆದು ಮೂಸಿದ. "ಎಲ್ಲಿ ಕೂತಿದ್ದೆ ಮಗ?" ಅಂದ. ಹೇಳಿದೆ. ಮೇವನ್ನು ಅಲ್ಲೇ ಬಿಟ್ಟು ಬಯಲಿಗೆ ಹೋದ. ನಾನೂ ಹಿಂದೆ ಹೋದೆ. ಒಂದೊಂದು ಗಳಕ್ಕೂ ಕಿವಿಯಿಟ್ಟು ಕೇಳಿದ, ಬೆರಳಿನಿಂದ ತಟ್ಟಿದ, ಒಂದು ಕಡೆ ಉಗುರಿನಿಂದ ಒತ್ತಿದಾಗ ಉಗುರು ಒಳಗೇ ಹೋಯಿತು. ಬಹಳ ಹೊತ್ತು ಹಾಗೇ ಆ ಗಳಕ್ಕೆ ಹಣೆ ಕೊಟ್ಟು ನಿಂತಿದ್ದ.

ಮಳವಳ್ಳಿಯವರ ಜೊತೆ ದೊಡ್ಡ ಪಂದ್ಯಕ್ಕೆ ಆಗ ನಾಲ್ಕು ದಿನ ಉಳಿದಿತ್ತು. ಮಂಡ್ಯದ ಹಿರಿಯರೂ ಬರುವವರಿದ್ದರು. ಇನ್ನು ಮುಂದೆಯೂ ಪಂದ್ಯ ಇಲ್ಲೇ ನಡೆಯಬೇಕೋ ಬೇಡವೋ ಅನ್ನುವುದು ಅವತ್ತು ಗೊತ್ತಾಗುವುದಿತ್ತು. ಅಂದು ಸಂಜೆ ಜಗಲಿಯ ಮೇಲೆ ತಾತ, "ಅಟ್ಟಣೆ ಬಿಚ್ಚಾಕ್ಬೇಕು. ನಾಳೇನೇ" ಅಂದ.

ಸುಬ್ಬಣ್ಣ ನಂಬಲಿಲ್ಲ. "ಏನ್ ಗೌಡ್ರೆ ನೀವು. ಒಸಿ ಉಳ ಬಿದ್ರೆ ಬಿಚ್ಚಾಕ್ತಾರಾ? ನಮ್ಮ ಮನೆ ತೊಲೆಗೂ ಬಿದ್ದದೆ, ಅದ್ರ ಕೆಳ್ಗೇ ಉಂಡು ಮನಿಕ್ಕೊಂಡಿಲ್ವಾ?"

"ನಿಮ್ಮ ತೊಲೆ ಮ್ಯಾಲೆ ಊರು ಅತ್ತಿ ಕುಣಿಯಾಕಿಲ್ಲ ಕಣ್ಲಾ."

"ಮಳವಳ್ಳಿ ಆಟ ಒಂದು ಮುಗೀಲಿ. ಮಾರ್ನೆ ದಿನ ನಾನೇ ಮಚ್ಚು ತತ್ತೀನಿ. ಬಿಚ್ಚಿಬುಟ್ರೆ ಮಂಡ್ಯದೋರ್ಗೆ ಏನ್ ತೋರ್ಸದು, ಮಣ್ಣಿನ ಏರೀನಾ?"

ಎಲ್ಲರೂ ಚಿಕ್ಕಪ್ಪನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. ಬಿದಿರು ಕಡಿಯುವ ಉಪಾಯ ಹೇಳಿದವನು ಅವನೇ ತಾನೆ. "ಒಂದೇ ಆಟ ಅಪ್ಪಯ್ಯ" ಅಂದ, ಬಹಳ ಮೆಲ್ಲಗೆ. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಅಜ್ಜಿ, ತಾತ ಏನು ಹೇಳುತ್ತಾನೆಂದು ಸೆರಗು ಕಚ್ಚಿ ಕಾಯುತ್ತಿದ್ದಳು. ತಾತ ಎದ್ದು ಹಿತ್ತಲಿಗೆ ಹೋಗಿ ಜಾಲಿ ಕಂಬಗಳನ್ನು ಹುಡುಕಲಿಕ್ಕೆ ಶುರುಮಾಡಿದ. ಉಳಿದ ದಿನಗಳಲ್ಲಿ ಅಟ್ಟಣೆಯ ಕೆಳಗೆ ಕಂಬಕ್ಕೆ ಕಂಬ ಆನಿಸಿ ಊರೆ ಕೊಟ್ಟ. ಯಾರೂ ಸಹಾಯಕ್ಕೆ ಹೋಗಲಿಲ್ಲ. ಅವನೂ ಕರೆಯಲಿಲ್ಲ.

ಪಂದ್ಯದ ದಿನ ಮಧ್ಯಾಹ್ನದಿಂದಲೇ ಜನ. ಮಳವಳ್ಳಿಯವರು ತಮಟೆ ಬಡಿದುಕೊಂಡು ಗಾಡಿಗಳಲ್ಲಿ ಬಂದಿದ್ದರು. ತಾತ ಅಟ್ಟಣೆಯ ಏಣಿಯ ಹತ್ತಿರ ದೊಣ್ಣೆ ಹಿಡಿದು ನಿಂತ. ಮಂಡ್ಯದ ಹಿರಿಯರನ್ನು ಏರಿಯ ಮೇಲೆ ಕುರ್ಚಿ ಹಾಕಿಸಿ ಕೂರಿಸಿದ. ಮೇಲಿನ ಎರಡು ಸಾಲು ಖಾಲಿ ಇರಬೇಕು, ಕೆಳಗಿನ ಸಾಲುಗಳಿಗೂ ಇಷ್ಟೇ ಜನ ಅಂತ ಕಟ್ಟು ಮಾಡಿದ. ಕೆಳಗೆ ನೆರಳಿಗೆ ಬಂದ ನಮ್ಮನ್ನೆಲ್ಲ ಗದರಿ ಓಡಿಸಿದ. "ಏರಿ ಮ್ಯಾಲೋಗಿ ಕೂತ್ಕಳ್ರವ್ವ, ಇಲ್ಲಿ ಒಬ್ರೂ ಇರಬ್ಯಾಡಿ" ಅಂದ. ಅವನು ನನಗೆ ಆಡಿದ ಕೊನೆಯ ಮಾತು ಅದು, ಅದೂ ನನ್ನೊಬ್ಬಳಿಗೆ ಆಡಿದ್ದಲ್ಲ. ಜನ ಮೊದಮೊದಲು ಅವನ ಮಾತು ಕೇಳಿದರು. ಆಟ ಕಾವೇರಿದ ಮೇಲೆ ಹಿಂದಿನಿಂದ, ಪಕ್ಕದಿಂದ ಹತ್ತಿದರು. ಅವನು ಒಬ್ಬ, ಎಷ್ಟು ಕಡೆ ನಿಲ್ಲುತ್ತಾನೆ. "ಮುದುಕಪ್ಪ, ನೀನೂ ಅತ್ತು ಬಾ, ಕೆಳಗೆ ನಿಂತ್ರೆ ಏನ್ ಕಾಣ್ತದೆ?" ಅಂತ ಯಾರೋ ಛೇಡಿಸಿದರು. ಆಮೇಲೆ ಅವನು ಏಣಿಯ ಹತ್ತಿರ ಕಾಣಲಿಲ್ಲ. ಕೆಳಗೆ ಹೋಗಿ, ಅಲುಗಾಡುತ್ತಿದ್ದ ನಡುಗಂಬವನ್ನು ಹೆಗಲು ಕೊಟ್ಟು ಹಿಡಿದು ನಿಂತಿದ್ದನಂತೆ.

ಆಟ ಮುಗಿಯುವ ಹೊತ್ತಿಗೆ ಚಿಕ್ಕಪ್ಪನಿಗೆ ಚೆಂಡು ಸಿಕ್ಕಿತು. ನಾನು ಏರಿಯ ಮೇಲೆ ಎದ್ದು ನಿಂತೆ. ಅವನು ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ, ಬರಿಗಾಲಲ್ಲಿ ಹೊಡೆದ. ಚೆಂಡು ಒಳಗೆ ಹೋಯಿತು. ಅಟ್ಟಣೆಯ ಮೇಲಿನ ಜನರೆಲ್ಲ ಒಂದೇ ಸಲ ಎದ್ದು ಕುಣಿದರು. ಮುರಿಯುವ ಸದ್ದು ದೊಡ್ಡದಾಗಿ ಬರಲಿಲ್ಲ. ಒಳಗೆ ಏನೂ ಉಳಿದಿರಲಿಲ್ಲವಲ್ಲ, ಹಿಟ್ಟೇ ತಾನೆ. ಉಸಿರು ಬಿಟ್ಟ ಹಾಗೆ ಕುಸಿಯಿತು. ಆಮೇಲೆ ಹಳದಿ ಧೂಳು ಎದ್ದಿತು, ಸೋಗೆಯ ಚಪ್ಪರ ನಿಧಾನಕ್ಕೆ ಅದರ ಮೇಲೆ ಬಿತ್ತು. ಚಿಕ್ಕಪ್ಪ ಇನ್ನೂ ಕೈ ಮೇಲೆತ್ತಿಕೊಂಡೇ ನಿಂತಿದ್ದ, ಮುಖ ಇತ್ತ ತಿರುಗಿರಲಿಲ್ಲ.

ಮೊದಲು ಓಡಿಬಂದವರು ಮಳವಳ್ಳಿಯವರು. ಸೋತವರು ಅವರು, ಬಂದು ಕೈಹಾಕಿ ಗಳಗಳನ್ನು ಎತ್ತಿದವರೂ ಅವರೇ. ಕಾಲು ಮುರಿದವರು, ಕೈ ಮುರಿದವರು, ತಲೆ ಒಡೆದವರು ಬಹಳ. ಸುಬ್ಬಣ್ಣನ ಪಕ್ಕೆ ಮುರಿದಿತ್ತು. ಮೇಲಿದ್ದವರೆಲ್ಲ ಬದುಕಿದರು. ಕೆಳಗಿದ್ದವನು ಒಬ್ಬನೇ, ಅವನು ಬದುಕಲಿಲ್ಲ. ನಮ್ಮ ತಾತನನ್ನು ಚೆಂಡಿನ ಕಂಬಕ್ಕೆ ಕಟ್ಟಿದ್ದ ಬಲೆಯ ಮೇಲೆ ಮಲಗಿಸಿ ಮನೆಗೆ ಹೊತ್ತು ತಂದರು. ಅಜ್ಜಿ ಅವನ ಮುಖದ ಮೇಲಿನ ಪುಡಿಯನ್ನು ಸೆರಗಿನಿಂದ ಒರೆಸುತ್ತಾ, "ಗೊತ್ತಿತ್ತು ನಿಂಗೆ. ಗೊತ್ತಿದ್ರೂ ಆಟ ನಡೀಬೇಕಿತ್ತು" ಅಂದಳು. ಅದನ್ನೇ ಬೆಳಗಾಗುವವರೆಗೂ ಹೇಳುತ್ತಿದ್ದಳು, ಬೈಯುವ ಹಾಗೂ ಇರಲಿಲ್ಲ, ಅಳುವ ಹಾಗೂ ಇರಲಿಲ್ಲ.

ಆಮೇಲೆ ಆ ಮನೆ ಬದುಕಿದ್ದು ಹೆಸರಿಗೆ ಮಾತ್ರ. ಅಪ್ಪ ಬಯಲಿನ ಕಡೆಯ ಕಿಟಕಿಗೆ ಇಟ್ಟಿಗೆ ತುಂಬಿಸಿದ. ಪಡಸಾಲೆ ಹಗಲೂ ಕತ್ತಲಾಯಿತು. ಚಿಕ್ಕಪ್ಪ ಮತ್ತೆ ಚೆಂಡು ಮುಟ್ಟಲಿಲ್ಲ. ಹೊಳೆಗೆ ಹೋಗುವುದಿದ್ದರೆ ಬಯಲು ದಾಟದೆ ಊರೆಲ್ಲ ಸುತ್ತಿ ಹೋಗುತ್ತಿದ್ದ. ಒಂದೇ ಒಂದು ಸಲ, ಗದ್ದೆಯ ಬದುವಿನ ಮೇಲೆ ಬುತ್ತಿ ಕೊಡಲು ಹೋದಾಗ, ಯಾರನ್ನೂ ನೋಡದೆ, "ನಾನು ಆಚೆಗೆ ಒಡೆದಿದ್ರೆ ಆಯ್ತಿತ್ತು" ಅಂದ. ನನಗೆ ಆಗ ತಿಳಿಯಲಿಲ್ಲ. ಪಂದ್ಯಗಳೆಲ್ಲ ಮಂಡ್ಯಕ್ಕೆ ಹೋದವು. ಪಕ್ಕೆ ಕೂಡಿದ ಮೇಲೆ ಸುಬ್ಬಣ್ಣ ಬಂದು, ಕಲ್ಲಿನ ಮೆಟ್ಟಿಲು ಕಟ್ಟಿಸಿ ಅದಕ್ಕೆ ಗೌಡರ ಹೆಸರಿಡೋಣ ಅಂದ. ಜಗಲಿಯ ಮೇಲೆ ಕೂರಲೂ ಅವನಿಗೆ ಧೈರ್ಯವಿರಲಿಲ್ಲ, ನಿಂತೇ ಹೇಳಿದ. ಅಪ್ಪ, "ಸತ್ತೋರ ಮ್ಯಾಲೆ ಕುಂತು ಆಟ ನೋಡ್ತೀರೇನಪ್ಪ?" ಅಂದ. ಸುಬ್ಬಣ್ಣ ತಲೆ ತಗ್ಗಿಸಿ ಹೋದ. ಕಲ್ಲಿನ ಮೆಟ್ಟಿಲು ಏಳಲೇ ಇಲ್ಲ. ಸ್ವಾತಂತ್ರ್ಯ ಬಂದ ದಿನ ಅದೇ ಬಯಲಿನಲ್ಲಿ ಬಾವುಟ ಹಾರಿಸಿ ಮಕ್ಕಳಿಗೆಲ್ಲ ಸಿಹಿ ಹಂಚಿದರು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಮುಚ್ಚಿದ ಕಿಟಕಿಯ ಆಚೆಯಿಂದ ಜೈಕಾರ ಮಾತ್ರ ಕೇಳಿಸುತ್ತಿತ್ತು. ಅಜ್ಜಿ ಆ ವರ್ಷವೇ ಹೋದಳು. ಅಣ್ಣತಮ್ಮಂದಿರ ಪಾಲಾಯಿತು, ತೊಟ್ಟಿಯ ನಡುವೆ ಗೋಡೆ ಎದ್ದಿತು, ಕೊನೆಗೆ ಗೋಡೆಯೂ ಹೋಯಿತು. ಚಿಕ್ಕಪ್ಪ ಮದುವೆಯಾಗದೆಯೇ ಮುದುಕನಾಗಿ ಸತ್ತ. ನಾನು ದುದ್ದಕ್ಕೆ ಸೊಸೆಯಾಗಿ ಬಂದೆ. ಇಷ್ಟು ವರ್ಷದಲ್ಲಿ ಯಾವ ಆಟದ ಬಯಲಿಗೂ ನಾನು ಕಾಲಿಟ್ಟಿಲ್ಲ. ನಮ್ಮ ಹುಡುಗಿ ಶಾಲೆಯಲ್ಲಿ ಆಡಿ ಗೆದ್ದು ಬಂದಾಗೆಲ್ಲ ಮನೆ ಬಾಗಿಲಲ್ಲಿ ದೃಷ್ಟಿ ತೆಗೆದಿದ್ದೇನೆ, ಅಷ್ಟೇ.

ಸಂಜೆ ಬಸ್ಸಿಗೆ ರಂಜಿತ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಮೊಣಕಾಲು ತರಚಿತ್ತು, ಕಣ್ಣು ಮಾತ್ರ ಎರಡು ದೀಪ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಪಕ್ಕದ ಬೀದಿಯ ಮಗಳು ಅಳಿಯ, ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಊಟಕ್ಕೆ ಕೂತೆವು. ಮುದ್ದೆ, ಅವರೆಕಾಳಿನ ಸಾರು, ಆಮೇಲೆ ಪಾಯಸ. ಹುಡುಗಿ ಬಾಯಿ ತುಂಬ ತುತ್ತು ಇಟ್ಟುಕೊಂಡೇ ಆಯ್ಕೆ ನಡೆದ ಕತೆ ಹೇಳುತ್ತಿದ್ದಳು. ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅಜ್ಜಿ, ಬರೋ ವಾರ ಮಂಡ್ಯದಲ್ಲಿ ಮೊದ್ಲ ಆಟ. ಕೂತ್ಕೊಳಕ್ಕೆ ಒಸದಾಗಿ ಮೆಟ್ಲು ಕಟ್ಟವ್ರೆ, ಸಿಮೆಂಟಿಂದು. ಮ್ಯಾಲ್ಗಡೆ ಒಳ್ಳೆ ಜಾಗ ಇಡುಸ್ತೀನಿ. ಬತ್ತೀಯಾ?"

ದೊಡ್ಡ ಮಗನಿಗೆ ಮಾತ್ರ ಆ ಕತೆ ಗೊತ್ತು. ಅವನು ಉಣ್ಣುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಇಲ್ಲ ಅನ್ನಲಿಕ್ಕೆ ಬಾಯಿ ತೆರೆದೆ. ಹುಡುಗಿ ಕೈ ಹಾಗೇ ತಟ್ಟೆಯ ಮೇಲೆ ಹಿಡಿದು ಕಾಯುತ್ತಿದ್ದಳು.

"ಬತ್ತೀನಿ ಕಣವ್ವ" ಅಂದೆ. "ಮ್ಯಾಲೆ ಬ್ಯಾಡ. ನೆಲದ ಮ್ಯಾಲೆ ಕೂತ್ಕತೀನಿ."

"ನೆಲದ್ ಮ್ಯಾಲೆ ಯಾರಜ್ಜಿ ಕೂರ್ತಾರೆ, ಎಲ್ರೂ ನಗ್ತಾರೆ ಕಣೆ."

"ನಗ್ಲಿ ಬುಡವ್ವ" ಅಂದ ದೊಡ್ಡ ಮಗ. "ನಾನೂ ಅವ್ಳ ಪಕ್ಕದಲ್ಲೇ ಕೂರ್ತೀನಿ."

ಅವಳಿಗೆ ಅರ್ಥವಾಗಲಿಲ್ಲ, ಆದರೂ ಆಗಲಿ ಅಂದಳು. ಸೊಸೆ ಪಾಯಸದ ಪಾತ್ರೆ ಹಿಡಿದು ಸಾಲಿನ ಆ ತುದಿಯಿಂದ ಬಡಿಸುತ್ತಾ ಬಂದಳು. ಚಿಕ್ಕಮಕ್ಕಳು ಗೋಡಂಬಿಗೆ ಜಗಳ ತೆಗೆದರು. ರಂಜಿತ ಮತ್ತೆ ಆಟದ ಮಾತಿಗೆ ಹೋದಳು, ಎಲ್ಲರೂ ಒಟ್ಟಿಗೆ ಮಾತಾಡಲಿಕ್ಕೆ ಶುರುಮಾಡಿದರು. ಆ ಗದ್ದಲದ ನಡುವೆ ಕೂತು ನಾನೂ ಮುದ್ದೆಯಿಂದ ಒಂದು ತುತ್ತು ಮುರಿದೆ.